ನಾಲ್ಕು ಅಂಗುಲದ ತುಂಡು

ಕೋವಿಯ ನಳಿಗೆಯ ಮೇಲೆ ಗರಗಸ ಇಟ್ಟ ಅಣ್ಣ ಹಾಗೇ ಕೈ ತಡೆದು ತಂಗಿಯ ಮುಖ ನೋಡಿದ. ಕೋವಿ ರಿಪೇರಿ ಅವನ ಕಸುಬು. ಆದರೆ ಇದು ತೀರಿಕೊಂಡ ಅಪ್ಪನ ಜೋಡುನಳಿಗೆ ಕೋವಿ. ತಂಗಿ ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಉದ್ದ ನಳಿಗೆ ಮುದುಕರ ಊರುಗೋಲು, ಗಿಡ್ಡದ್ದೇ ಚುರುಕು ಎಂದು ಅದರಲ್ಲಿ ತಜ್ಞನೊಬ್ಬ ಬರೆದಿದ್ದ. ಕ್ಲಬ್ಬಿನಲ್ಲಿ ಹಾರುವ ಮಣ್ಣಿನ ಬಿಲ್ಲೆಗೆ ಗುರಿಯಿಡುವ ತಂಗಿಯಂಥವರಿಗೆಲ್ಲ ಅವನು ಹೇಳಿದ್ದೇ ವೇದವಾಕ್ಯ.

"ತುದಿಯಲ್ಲಿ ನಳಿಗೆ ಕಿರಿದಾಗಿ ಇರೋದ್ರಿಂದ್ಲೇ ಚರೆಗುಂಡು ಚದುರಲ್ಲ ಕಣೇ. ಕತ್ತರಿಸಿದ್ರೆ ಮತ್ತೆ ಬರಲ್ಲ."

"ನೀನಲ್ದಿದ್ರೆ ಇನ್ನೊಬ್ರು ಕತ್ತರಿಸ್ತಾರೆ ಬಿಡು."

ಕತ್ತರಿಸಿದ. ಅಪ್ಪ ತಾನೇ ಕೂರಿಸಿದ್ದ, ಗುರಿ ನೋಡುವ ಹಿತ್ತಾಳೆಯ ಮಣಿಯ ಸಮೇತ ನಾಲ್ಕು ಅಂಗುಲದ ತುಂಡು ಬೆಂಚಿನ ಮೇಲೆ ಉರುಳಿತು.

ಅಂದಿನಿಂದ ಅವಳ ಗುರಿ ಕೆಟ್ಟಿತು. ಆದರೂ ಆ ವರ್ಷ ಅಂಗಡಿಗೆ ಬಂದವರೆಲ್ಲ ಕತ್ತರಿಸು ಎಂದವರೇ, ಅವನೂ ಬಾಯಿ ಮುಚ್ಚಿಕೊಂಡು ಕತ್ತರಿಸಿದ. ಮರುವರ್ಷ ಅದೇ ತಜ್ಞ ಉದ್ದ ನಳಿಗೆಯೇ ಸರಿ ಎಂದು ಬರೆದ. ಅದೇ ಜನ, ತಮಗೆ ಮೊದಲಿಂದಲೂ ಹಾಗೇ ಅನ್ನಿಸಿತ್ತು ಎನ್ನುತ್ತ ಬಂದು ನಿಂತರು. ಅಣ್ಣನಿಗೆ ಅವರನ್ನು ಕಂಡರೂ ಹೇಸಿಗೆ, ತನ್ನ ಕೈ ಕಂಡರೂ ಹೇಸಿಗೆ.

ತಜ್ಞ ಕ್ಲಬ್ಬಿಗೆ ಅತಿಥಿಯಾಗಿ ಬಂದಾಗ ತಂಗಿ ಅವನನ್ನು ಅಂಗಡಿಗೂ ಕರೆತಂದಳು. ಅಣ್ಣ ಬೇಕೆಂದೇ, ಎತ್ತಿಟ್ಟಿದ್ದ ಆ ತುಂಡನ್ನು ಹೊರಗೆ ತೆಗೆದು ಬೆಂಚಿನ ಮೇಲೆ ನೆಟ್ಟಗೆ ನಿಲ್ಲಿಸಿದ್ದ. ಅದನ್ನು ಕಂಡು ದೊಡ್ಡ ಮನುಷ್ಯ ಒಂದು ಕ್ಷಣ ತಡವರಿಸಿದರೂ ಸಾಕಿತ್ತು, ತಂಗಿಯ ಕಣ್ಣು ತೆರೆಯುತ್ತಿತ್ತು ಎಂಬುದು ಅವನ ಆಸೆ.

ತಜ್ಞ ಸಿಗರೇಟು ಹಚ್ಚಿದ. ಸೇದಬಾರದು ಎಂಬ ಬೋರ್ಡು ಅವನ ತಲೆಯ ಮೇಲೆಯೇ ಇತ್ತು. ನಿಮ್ಮ ಮಾತು ನಂಬಿ ಅಪ್ಪನ ಕೋವಿ ಹಾಳುಮಾಡಿಕೊಂಡೆವಲ್ಲ ಎಂದು ಅಣ್ಣ ಕೇಳಿಯೇಬಿಟ್ಟ.

"ಆಗಿನ ಟ್ರೆಂಡ್ ಹಾಗಿತ್ತು," ಎಂದು ಅವನು ಹೊಗೆ ಬಿಟ್ಟ. "ನಾನು ಬರೀತೀನಿ ಅಷ್ಟೆ. ಕತ್ತರಿಸಿದ್ದು ನೀವಲ್ವಾ?"

ತಂಗಿ ಹೌದೆಂದು ತಲೆದೂಗಿ, ಹೊಸದಾಗಿ ಉದ್ದ ನಳಿಗೆಯದು ತಗೊಂಡರೆ ಯಾವುದು ಒಳ್ಳೆಯದು ಎಂದು ಕೇಳಿದಳು. ಅವನು ವಿವರಿಸತೊಡಗಿದ. ಮಾತಿನ ನಡುವೆ ಬೂದಿ ಕೊಡವಲು ಅತ್ತಿತ್ತ ನೋಡಿದಾಗ, ಅವಳು ಬೆಂಚಿನ ಮೇಲಿದ್ದ ತುಂಡನ್ನು ಅವನ ಕೈಗೆಟುಕುವಂತೆ ಸರಿಸಿದಳು. ಬೂದಿ ನಳಿಗೆಯೊಳಗೆ ಬಿತ್ತು, ಚೂರು ಹಿತ್ತಾಳೆಯ ಮಣಿಯ ಮೇಲೆ ಕೂತಿತು. ಅವಳು ಅದನ್ನು ಬೆರಳಿನಿಂದ ಒರೆಸಿ, ತುಂಡನ್ನು ಅವನತ್ತ ಇನ್ನೂ ಸ್ವಲ್ಪ ಸರಿಸಿದಳು.