ರಿಪೇರಿ ಬಟನ್

ಬೆಳಿಗ್ಗೆ ಹನ್ನೊಂದಕ್ಕೆ ಮಧುಗಿರಿಯ ಅಂಗಡಿಯಲ್ಲಿ ಕೂತು ನನ್ನ ತಪ್ಪನ್ನು ನಾನೇ ಕಂಡುಹಿಡಿದೆ. ಬೇರೆ ಯಾರಾದರೂ ಹಿಡಿದಿದ್ದರೆ ಜಗಳವಾದರೂ ಆಡಬಹುದಿತ್ತು.

ಅಂಗಡಿ ಚಿರಂಜೀವಿಯದು. ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್ ಮಾರುತ್ತಾನೆ. ಅಂಥ ಪೆಟ್ಟಿಗೆ ಈಗ ಎಲ್ಲ ಕಡೆಯೂ ಸಿಗುತ್ತದೆ; ಆ್ಯಪ್ ಮಾತ್ರ ನಾನು ಬರೆದದ್ದು, ಯಾವ ಪೆಟ್ಟಿಗೆಗೂ ನಡೆಯುತ್ತದೆ. ತೋಟಕ್ಕೆ ತ್ರೀ ಫೇಸ್ ಕರೆಂಟು ಬಂದ ಕೂಡಲೇ ಪೆಟ್ಟಿಗೆಯೊಳಗಿನ ಸಿಮ್ ರೈತನ ಫೋನಿಗೆ ಮೆಸೇಜು ಕಳಿಸುತ್ತದೆ, ಆ್ಯಪ್ ತಾನಾಗಿಯೇ 'ಆನ್' ಎಂದು ಉತ್ತರ ಕೊಡುತ್ತದೆ, ಮೋಟಾರು ಓಡುತ್ತದೆ. ಕೇಬಲ್ಲಿಗೆ ಕೈ ಹಾಕುವಾಗ ಓಡಬಾರದಲ್ಲ, ಅದಕ್ಕೊಂದು ರಿಪೇರಿ ಬಟನ್. ಅದನ್ನು ಒತ್ತಿದರೆ ಸಾಕು, ಇನ್ನು ಫ್ಯೂಸು ಕೀಳುವ ಕೆಲಸವಿಲ್ಲ ಎಂದು ಊರೂರು ತಿರುಗಿ ಹೇಳಿ ಬಂದವಳೂ ನಾನೇ. ಈಗ ನೋಡಿದರೆ, ಫೋನು ಒಮ್ಮೆ ಆಫ್ ಆಗಿ ಆನ್ ಆದರೆ ಬಟನ್ ಒತ್ತಿದ್ದನ್ನೇ ಆ್ಯಪ್ ಮರೆತುಬಿಡುತ್ತದೆ.

"ಇಲ್ಲಿಂದ್ಲೇ ಸರಿಮಾಡ್ಬುಡು ಲೋಹಿತಾ," ಎಂದ ಚಿರಂಜೀವಿ. "ಮೊನ್ನೆ ಆ್ಯಪಲ್ಲಿ ಪೆಟ್ಟಿಗೆ ರೇಟು ಬದ್ಲಾಯ್ಸಿದ್ದು ಇಲ್ಲೇ ಕೂತ್ಕಂಡಲ್ವಾ?"

"ರೇಟು ನಮ್ ಸರ್ವರಿಂದ ಹೋಗೋದು ಅಣ್ಣ. ಇದು ಆ್ಯಪ್ ಒಳಗೇ ಐತೆ. ಹೊಸ ಆ್ಯಪ್ ಮಾಡಿ ಸ್ಟೋರಿಗೆ ಕಳಿಸ್ಬೇಕು. ಅವ್ರು ನೋಡಿ ಬುಡ್ಬೇಕು. ಆಮೇಲೆ ಜನ ಅಪ್‌ಡೇಟ್ ಮಾಡ್ಕಬೇಕು."

"ಎಷ್ಟೊತ್ತು?"

"ಒಂದ್ ಗಂಟೆನೂ ಆಗ್ಬೋದು, ಮೂರ್ ದಿನಾನೂ ಆಗ್ಬೋದು."

ಹನ್ನೆರಡೂವರೆಗೆ ಸರಿಪಡಿಸಿ ಕಳಿಸಿದೆ. 'ಪರಿಶೀಲನೆಯಲ್ಲಿದೆ' ಎಂದು ಬಂತು. ಗಿರಾಕಿಗಳ ಪಟ್ಟಿ ತೆಗೆದು, ಫ್ಯೂಸು ಕಿತ್ತಿಡಿ ಎಂದು ಒಬ್ಬೊಬ್ಬರಿಗೇ ಫೋನು ಮಾಡತೊಡಗಿದೆ. ಅರ್ಧ ಪಟ್ಟಿ ಮುಗಿಯುವಷ್ಟರಲ್ಲಿ ಅಮ್ಮ ಬೆಳಿಗ್ಗೆ ಹೇಳಿದ್ದು ನೆನಪಾಯಿತು. ಇವತ್ತು ನಮ್ಮ ತೋಟದಲ್ಲೇ ಬೋರಿನಿಂದ ಮೋಟಾರು ಎತ್ತಿದ್ದಾರೆ. ಮೆಕ್ಯಾನಿಕ್ ರಂಗನಾಥನ ಜೊತೆ ಅಪ್ಪನೂ ಕೇಬಲ್ಲು ಜಾಯಿಂಟು ಮಾಡುತ್ತಾನೆ.

ಅಪ್ಪನಿಗೆ ಫೋನು ಮಾಡಿದೆ. ಸ್ವಿಚ್ ಆಫ್.

ಮನೆಗೆಲ್ಲ ಅದೊಂದೇ ಫೋನು, ಚಾರ್ಜು ಮುಗಿದು ಮನೆಯಲ್ಲೇ ಬಿದ್ದಿರುತ್ತದೆ. ಚನ್ನರಾಯನದುರ್ಗದ ನಮ್ಮ ತೋಟದ ಮನೆಗೂ ಬೋರಿಗೂ ಒಂದೇ ಲೈನು. ಕರೆಂಟು ಬರುವುದು ಎರಡು ಗಂಟೆಗೆ. ಬಂದ ಕೂಡಲೇ ಅಮ್ಮ ಫೋನನ್ನು ಚಾರ್ಜಿಗೆ ಹಾಕಿ ಆನ್ ಮಾಡುತ್ತಾಳೆ. ಆಮೇಲಿನದನ್ನೆಲ್ಲ ನನ್ನ ಆ್ಯಪ್ ಮಾಡುತ್ತದೆ.

ರಂಗನಾಥನ ನಂಬರು ನನ್ನಲ್ಲಿರಲಿಲ್ಲ. ಪಕ್ಕದ ತೋಟದವರು ಎತ್ತಲಿಲ್ಲ. ಸ್ಕೂಟಿ ತೆಗೆದು ಹೊರಟೆ. ದಾರಿಯಲ್ಲಿ ಮೂರು ಕಡೆ ನಿಲ್ಲಿಸಿ ಫೋನು ಮಾಡಿದೆ. ಮೂರು ಸಲವೂ ಸ್ವಿಚ್ ಆಫ್. ಆ ಮಾತು ಕೇಳಿ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಆಫ್ ಇರುವ ತನಕ ಅಪ್ಪನಿಗೆ ಏನೂ ಆಗದು.

ಎರಡು ಗಂಟೆ ಐದು ನಿಮಿಷಕ್ಕೆ ಮತ್ತೆ ನಿಲ್ಲಿಸಿ ಮಾಡಿದಾಗ ರಿಂಗಾಯಿತು.

"ಈಗ್ ತಾನೆ ಕರೆಂಟ್ ಬಂತು ಕಣಮ್ಮ, ಚಾರ್ಜಿಗಾಕ್ದೆ. ಊಟ ಆಯ್ತಾ?" ಅಮ್ಮ.

"ಅಪ್ಪ ಎಲ್ಲಮ್ಮ?"

"ಬೋರ್ ತಾವ."

"ಓಡಮ್ಮಾ! ಕೇಬಲ್ ಮುಟ್‌ಬ್ಯಾಡ ಅನ್ನು! ಓಡು!"

ಫೋನು ನೆಲಕ್ಕೆ ಬಿದ್ದ ಸದ್ದು. ದೂರದಲ್ಲಿ ಅಮ್ಮ "ರೀ" ಎಂದು ಕಿರುಚಿದ್ದು ಒಂದೇ ಸಲ ಕೇಳಿಸಿತು. ಆಮೇಲೆ ಮನೆಯ ಫ್ಯಾನು ತಿರುಗುವುದಷ್ಟೇ. ಅಪ್ಪನನ್ನು ನಾನೇ ಕೊಂದೆ ಎಂದುಕೊಂಡೆ. ನಾಲ್ಕು ನಿಮಿಷ ಹಾಗೇ ಅಂದುಕೊಳ್ಳುತ್ತಾ ರಸ್ತೆ ಬದಿಯಲ್ಲಿ ಕೂತಿದ್ದೆ.

"ಯಾಕ್ ಮಗಾ ನಿಮ್ಮವ್ವನ್ನ ಅಂಗ್ ಓಡ್ಸೀಯ?" ಅಪ್ಪನ ದನಿ. "ಎಲೆ ಅಡಿಕೆ ಹಾಕ್ಕಳಣ ಅಂತ ಈಚೆ ಬಂದಿದ್ದೊ. ಕೇಬಲ್ ತುದೀಲಿ ಚಟ್ ಅಂತ ಕಿಡಿ ಹಾರ್ತು. ಬಟನ್ ಒತ್ತಿದ್ನಲ್ಲ, ಹೆಂಗ್ ಬಂತು?"

ಅಳುತ್ತಲೇ ಎಲ್ಲ ಹೇಳಿದೆ, ಫ್ಯೂಸು ಕೀಳಿಸಿದೆ. ಅಷ್ಟರಲ್ಲಿ ನನ್ನ ಫೋನಿಗೆ ಸ್ಟೋರಿನ ಒಪ್ಪಿಗೆ ಬಂತು.

"ಹೊಸ ಆ್ಯಪ್ ಬಂತಪ್ಪಾ. ಅಪ್‌ಡೇಟ್ ಮಾಡ್ಕೊ. ಸ್ಟೋರಿಂದ ಹಾಕ್ಕಂಡಿರೋ ಎಲ್ರಿಗೂ ಬರುತ್ತೆ."

"ಸ್ಟೋರಿಂದ ಹಾಕ್ಕಳ್ದೆ ಇರೋರ್ಗೆ?"

"ಅಂಥೋರು ಯಾರವ್ರೆ?"

"ನನ್ ಮಗ್ಳು ಮಾಡಿದ್ದು ಅಂತ ಡೈರಿ ತಾವ ಎಲ್ರ ಫೋನಿಗೂ ನಾನೇ ಕಳ್ಸಿವ್ನಿ. ನೆಟ್ಟೂ ಬ್ಯಾಡ, ಸ್ಟೋರೂ ಬ್ಯಾಡ, ಫೋನಿಂದ ಫೋನಿಗೆ. ಅವ್ರು ಪಾವಗಡದ ನೆಂಟ್ರಿಗೂ ಕಳ್ಸವ್ರೆ. ಫ್ಯೂಸ್ ಕೀಳೋ ಕಾಟ ತಪ್ತು ಅಂತ ಎಲ್ರೂ ನಿನ್ನೇ ಹೊಗಳ್ತಾರೆ."

"ಎಷ್ಟ್ ಜನಕ್ಕಪ್ಪಾ?"

"ಅದನ್ಯಾರು ಎಣಿಸ್ತಾರೆ ಮಗಾ!" ಅಪ್ಪ ಹೆಮ್ಮೆಯಿಂದ ನಕ್ಕ.

ಪಾವಗಡದ ಲೈನಿಗೆ ಕರೆಂಟು ಬರುವುದು ಮೂರಕ್ಕೆ. ಗಂಟೆ ಎರಡೂ ಕಾಲಾಗಿತ್ತು. ನನ್ನ ಬಳಿ ಅವರದೊಂದು ನಂಬರೂ ಇರಲಿಲ್ಲ.