ಒಂದು ಸೂರು, ಆರು ಒಲೆ

ತಿಥಿ ಮುಗಿದ ಮರುದಿನ ಬೆಳಿಗ್ಗೆ ಕಲ್ಲುಕೋರೆಯ ಸೈರನ್ ಎಂದಿನಂತೆ ಕೂಗಿತು. ಹಿಂದೆಯೇ ಬಂಡೆ ಸಿಡಿದ ಸದ್ದು. ಗೋಡೆಯ ಮೇಲೆ ನನ್ನ ಗಂಡ ನಿರಂಜನನ ಫೋಟೊ ಅಲುಗಿತು. ನಾನು ಹಾಲು ಕಾಯಲು ಇಟ್ಟೆ.

ಹೊರಗೆ ಶರ್ಮಿಳಾ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಅವಳ ಗಂಡ ಕೋರೆಯಲ್ಲಿ ಟಿಪ್ಪರ್ ಓಡಿಸುತ್ತಾನೆ. ಕೋರೆಯ ಕೆಲಸದವರಿಗೆ ಬಾಡಿಗೆಗೆ ಕೊಡಲೆಂದೇ ನನ್ನ ಗಂಡ ಒಂದೇ ಶೀಟಿನ ಸೂರಿನಡಿ ಸಾಲಾಗಿ ಆರು ಮನೆ ಕಟ್ಟಿಸಿದ್ದ. ಮೊದಲನೆಯದರಲ್ಲಿ ನಾವಿದ್ದೆವು. ಇಲ್ಲಿಂದ ಕುಶಾಲನಗರಕ್ಕೆ ದಿನಕ್ಕೆರಡೇ ಬಸ್ಸು. ಸುತ್ತಮುತ್ತ ಬೇರೆ ಮನೆ ಸಿಗುವುದಿಲ್ಲ.

"ಎಲ್ಲಿಗೆ?" ಎಂದೆ.

"ನಿಮ್ಮ ಭಾವ ಹೇಳಿದ್ರಲ್ಲ ಅಕ್ಕಾ. ಪಂಚಕದಲ್ಲಿ ಸಾವಾಗಿದೆ, ಆರು ತಿಂಗಳು ಎಲ್ರೂ ಮನೆ ಬಿಡ್ಬೇಕಂತ."

ನಿರಂಜನ ಮಲಗಿದಲ್ಲೇ ಹೋಗಿದ್ದ. ನಕ್ಷತ್ರ ಸರಿಯಿಲ್ಲ, ಸಾವಾದ ಮನೆಗೆ ಬೀಗ ಹಾಕಬೇಕು ಎಂದು ಪುರೋಹಿತರು ಹೇಳಿದ್ದು ನಿಜ. ಎಷ್ಟು ಮನೆಗೆ ಎಂದು ಯಾರೂ ಕೇಳಿರಲಿಲ್ಲ.

ಜೀಪು ಬಂತು. ಭಾವ ಅಶ್ವಥ್ ಹೊಸ ಬೀಗಗಳ ಚೀಲ ಹಿಡಿದು ಇಳಿದರು. ಹಿಂದೆ ಅತ್ತೆ.

"ಇನ್ನೂ ಬಟ್ಟೆ ಕಟ್ಟಿಲ್ವಾ ದಿವ್ಯಾ?" ಎಂದರು ಭಾವ. " ಖಾಲಿ ಮಾಡಿಕೊಟ್ರೆ ಕೋರೆ ಮಾಲೀಕರು ಪೂರ್ತಿ ತಗೋತೀನಿ ಅಂದವ್ರೆ. ಎಂ.ಎ. ಓದಿದೋಳು ಕೂಲಿಯೋರ ಬಾಡಿಗೆ ಎತ್ಕೊಂಡು ಕೂರ್ತೀಯಾ?"

"ಎಷ್ಟು ಬೀಗ ತಂದಿದೀರಿ ಭಾವ?"

"ಆರು. ಒಂದೇ ಸೂರಲ್ವಾ?"

"ಸೂರು ಒಂದು, ಒಲೆ ಆರು. ಹಳೇ ಮನೆ ಮಧ್ಯೆ ಗೋಡೆ ಎಬ್ಬಿಸಿ, ಒಲೆ ಬೇರೆ ಆದ್ಮೇಲೆ ಮನೆ ಬೇರೆ ಅಂತ ನಿಮ್ಮ ತಮ್ಮನ್ನ ಆಚೆ ಕಳ್ಸಿದೋರು ನೀವೇ. ಆ ಸೂರೂ ಒಂದೇ ಇತ್ತು."

ಶರ್ಮಿಳಾ ಸೆರಗಿನ ಮರೆಯಲ್ಲಿ ನಕ್ಕಳು. ಭಾವ ಅವಳತ್ತ ಕಣ್ಣು ಬಿಟ್ಟರು.

"ಹಂಗಾದ್ರೂ ನಿನ್ನ ಒಲೆ ಆರಿಸ್ಲೇಬೇಕಲ್ಲವ್ವಾ," ಎಂದರು ಅತ್ತೆ. "ಅಲ್ಲೇ ಅಲ್ವಾ ನನ್ನ ಮಗ..."

ನಾನು ಒಳಗೆ ಹೋದೆ. ಹಾಲು ಉಕ್ಕಿ ಸ್ಟವ್ ಆರಿತ್ತು. ಒರೆಸಿ ಮತ್ತೆ ಹಚ್ಚಿದೆ.

"ನಾನು ಇಲ್ಲೇ ಇರ್ತೀನಿ ಅತ್ತೆ. ಆಗೋದು ಆಗ್ಹೋಯ್ತು."

ಭಾವ ಚೀಲವನ್ನು ಜೀಪಿಗೆ ಎಸೆದರು. "ರಾತ್ರಿ ಹೆದ್ರಿ ಓಡಿ ಬಂದ್ರೆ ನಮ್ಮ ಬಾಗ್ಲು ತೆಗ್ಯಲ್ಲ."

"ಬರಲ್ಲ."

ಅತ್ತೆ ಕಾಫಿ ಮುಟ್ಟದೆ ಹೋದರು. ಕೊನೆಯ ಮನೆಯವರು ಮಧ್ಯಾಹ್ನದ ಬಸ್ಸಿಗೆ ಹೊರಟೇಬಿಟ್ಟರು. ಉಳಿದವರು ಉಳಿದರು. ಶರ್ಮಿಳಾ ಪಾತ್ರೆ ಒಳಗಿಡುತ್ತಾ, "ಇರೋದಾದ್ರೆ ನಮ್ಮ ಶೀಟ್ ಸೀಳಿರೋದು ನೋಡಿ ಅಕ್ಕಾ. ನಿರಂಜನಣ್ಣ ಅದಕ್ಕೇ ಪಕ್ಕದ ತೋಟದ ಸಾಂತಪ್ಪರ ಏಣಿ ತಂದಿದ್ರು," ಎಂದಳು.

ಹಿತ್ತಲಲ್ಲಿ ಕಾಳುಮೆಣಸು ಕೊಯ್ಯುವ ಬಿದಿರೇಣಿ ಒರಗಿತ್ತು. ಅವಳು ಹಿಡಿದುಕೊಂಡಳು, ನಾನು ಹತ್ತಿದೆ. ಸೀಳಿಗೆ ಟಾರು ಬಳಿದು ಇಳಿದೆ. ಆಮೇಲೆ ಏಣಿ ಹೊತ್ತು ಪಕ್ಕದ ತೋಟಕ್ಕೆ ನಡೆದೆ.

ಸಾಂತಪ್ಪ ಅಂಗಳದಿಂದಲೇ ಕೈ ಅಡ್ಡ ಹಿಡಿದರು.

"ಗೇಟಿನ ಹೊರಗೇ ಇಡು ಮಾರಾಯ್ತಿ. ನೀನು ಬೀಗ ಹಾಕದ ಮನೆಯವಳು. ಒಳಗೆ ಬರ್ಬೇಡ, ಆಳು ತಗೊಳ್ತಾನೆ."

"ನಮ್ಮನೆಯವರು ಇದನ್ನ ಎಲ್ಲಿಂದ ತಗೊಂಡಿದ್ರು?"

"ಅಲ್ಲಿ... ಗೋದಾಮಿನ ಗೋಡೆಯಿಂದ."

ಏಣಿಯ ತುದಿಯಿಂದ ಗೇಟು ತಳ್ಳಿ, ಅಂಗಳ ದಾಟಿ, ಅದನ್ನು ಗೋದಾಮಿನ ಗೋಡೆಗೆ ಒರಗಿಸಿದೆ.