ಅರವತ್ತನಾಲ್ಕು ಖಾಲಿ ಚೀಲಗಳು

ಸರ್ರ್ ಎಂದು ಹೊಲಿಗೆ ಬಿಚ್ಚುವ ಸಣ್ಣ ಸದ್ದು. ನಿಂತಿತು. ಮತ್ತೆ ಸರ್ರ್.

ಸೊಸೆಗೆ ಹೇಗೂ ನಿದ್ದೆ ಹತ್ತಿರಲಿಲ್ಲ. ಪಕ್ಕದಲ್ಲಿ ಗಂಡ ಗೋಡೆಗೆ ಮುಖ ಮಾಡಿ ಮಲಗಿದ್ದ. ಎರಡು ದಿನದಿಂದ ಅವಳ ಜೊತೆ ಸರಿಯಾಗಿ ಮಾತಿಲ್ಲ.

ಅವರದು ಸಕ್ಕರೆ, ಹಿಟ್ಟು ತೂಗಿ ಮಾರುವ ಅಂಗಡಿ. ಹಿಂದೆ ಗೋದಾಮು, ಮೇಲೆ ಮನೆ. ಲೆಕ್ಕ ಬರೆಯುವವಳು ಅವಳೇ. ಹೋದ ತಿಂಗಳು ತಪಾಸಣೆಗೆ ಬಂದ ತೆರಿಗೆ ಅಧಿಕಾರಿ ಪುಸ್ತಕ ತಿರುವಿಹಾಕಿ, ಸೀದಾ ಗೋದಾಮಿಗೆ ಹೋಗಿ, ವರ್ಷಕ್ಕೊಮ್ಮೆ ಮಾರಲೆಂದು ಕೂಡಿಟ್ಟಿದ್ದ ಖಾಲಿ ಚೀಲಗಳನ್ನು ಎಣಿಸಿದ್ದ.

"ಪುಸ್ತಕದಲ್ಲಿ ಇನ್ನೂರ ಹತ್ತು ಮೂಟೆ ಸಕ್ಕರೆ. ಇಲ್ಲಿ ಇನ್ನೂರ ಎಪ್ಪತ್ತನಾಲ್ಕು ಚೀಲ. ಮಿಕ್ಕಿದ್ದು ಎಲ್ಲಿಂದ ಬಂತಮ್ಮ, ಮರಿ ಹಾಕಿದ್ವಾ?"

"ಗೊತ್ತಿಲ್ಲ ಸಾರ್. ಬಂದಿದ್ದೆಲ್ಲ ಬರೆದಿದ್ದೀನಿ."

"ಗೊತ್ತಿಲ್ಲ ಅನ್ನೋದಕ್ಕೆ ನಮ್ಮ ಫಾರಂನಲ್ಲಿ ಜಾಗ ಇಲ್ಲ."

ಅಲ್ಲಿಂದ ಶುರುವಾಯಿತು ಅಲೆದಾಟ. ಕಳಿಸಿದ್ದು ಇನ್ನೂರ ಹತ್ತೇ ಮೂಟೆ ಎಂದು ಸಕ್ಕರೆ ಗಿರಣಿಯವರು ಕೊಟ್ಟ ಪತ್ರ ಒಯ್ದರೆ ಮೊಹರಿಲ್ಲ ಎಂದರು. ಮೊಹರು ಹಾಕಿಸಿ ಒಯ್ದರೆ ಸಾಹೇಬರು ರಜೆ. ರಜೆ ಮುಗಿಸಿ ಬಂದವರು, "ಬಿಲ್ಲಿಲ್ಲದೆ ತಂದ ಮಾಲು ಗಿರಣಿ ಪತ್ರದಲ್ಲಿ ಇರುತ್ತೇನಪ್ಪ?" ಎಂದು ಪಕ್ಕಕ್ಕೆ ತಳ್ಳಿದರು. ಮೊನ್ನೆ ಗಂಡ ರೋಸಿಹೋಗಿ, ಲೆಕ್ಕದ ಹೊರಗೆ ಖರೀದಿಸಿದ್ದು ನಿಜ ಎಂದು ಬರೆದುಕೊಟ್ಟು, ತೆರಿಗೆ, ದಂಡ ಎರಡೂ ಕಟ್ಟಿ ಬಂದ. ಒಪ್ಪಿಕೊಂಡ ಮೇಲೆ ಮೇಲ್ಮನವಿಯೂ ಇಲ್ಲ.

"ನೀನೇ ಎಲ್ಲೋ ಬರೆಯೋದು ಮರೆತಿದ್ದೀಯ. ಹೇಳಿಬಿಡು, ನನಗಾದ್ರೂ ಸಮಾಧಾನ ಆಗ್ಲಿ," ಎಂದಿದ್ದ. ಅವಳು ವರ್ಷದ ಪುಸ್ತಕವನ್ನು ಮೂರು ಸಲ ಸಾಲು ಸಾಲಾಗಿ ನೋಡಿದ್ದಳು. ಒಂದು ಮೂಟೆಯೂ ಬಿಟ್ಟುಹೋಗಿರಲಿಲ್ಲ.

ಮೆಟ್ಟಿಲಿಳಿದು ಗೋದಾಮಿಗೆ ಹೋದಳು. ದೀಪದಡಿ ಮಾವ ಕೂತಿದ್ದರು. ಅಂಗಡಿ ಕಟ್ಟಿದವರು ಅವರೇ, ಈಗ ಮಗ ಗಲ್ಲಾದ ಹತ್ತಿರ ಬಿಡುತ್ತಿರಲಿಲ್ಲ. ಎದೆ ದುರ್ಬಲವೆಂದು ದಂಡದ ವಿಷಯವನ್ನೂ ಅವರಿಂದ ಮುಚ್ಚಿಟ್ಟಿದ್ದರು. ತೊಡೆಯ ಮೇಲೆ ಪಕ್ಕ ಸೀಳಿದ ಒಂದು ಸಕ್ಕರೆ ಚೀಲ, ಕೈಯಲ್ಲಿ ದಪ್ಪನೆಯ ದಾರದುಂಡೆ.

"ಯಾರದು ಮಾವ, ಈ ಚೀಲ?"

"ಮೂಲೆ ಬೇಕರಿಯೋನದು. ಚಾಕುವಿಂದ ಪಕ್ಕಕ್ಕೆ ಸೀಳಿ ಬೀದಿಗೆ ಎಸೀತಾನೆ, ಹೊಲಿಗೆ ಹಾಗೇ ಇರುತ್ತೆ. ದಾರ ನೋಡಮ್ಮ, ಎಷ್ಟು ಗಟ್ಟಿ. ಪೊಟ್ಟಣ ಕಟ್ಟೋಕೆ ಬೇಕಾಗುತ್ತೆ."

ಅಂಗಡಿಯಲ್ಲಿ ಪೊಟ್ಟಣ ಕಟ್ಟುವುದು ನಿಂತು ಆರು ವರ್ಷವಾಗಿತ್ತು.

"ಆಮೇಲೆ ಚೀಲ?"

"ನಮ್ಮ ರಾಶಿಗೆ ಹಾಕ್ತೀನಿ. ನನ್ನ ಕಾಲದಲ್ಲಿ ರಾಶಿ ಸೂರು ಮುಟ್ತಿತ್ತು. ಈಗ ನೋಡಿದೋರು ಇದೂ ಒಂದು ಅಂಗಡಿನಾ ಅಂದಾರು. ಸ್ವಲ್ಪ ಎತ್ತರ ಕಾಣ್ಲಿ ಅಂತ."

ಅವಳು ಮೂಟೆಗೆ ಒರಗಿ ನಿಂತಳು. ಗಂಡನನ್ನು ಈಗಲೇ ಕೂಗಿದರೆ ಅವಳ ಮೇಲಿನ ಮಾತು ಬೆಳಗಾಗುವುದರೊಳಗೆ ತೊಳೆದುಹೋಗುತ್ತಿತ್ತು. ಆದರೆ ಕಟ್ಟಿದ ದುಡ್ಡು ವಾಪಸು ಬರುವುದಿಲ್ಲ. ಚಹಾ ಚೆಲ್ಲಿದ್ದಕ್ಕೇ ಅಪ್ಪನನ್ನು ದಿನವಿಡೀ ಹಂಗಿಸುವವನು, ಇದನ್ನು ಅವರ ಉಸಿರಿರುವವರೆಗೂ ಬಿಡುತ್ತಿರಲಿಲ್ಲ.

"ಇನ್ಮೇಲೆ ಚೀಲ ತರಬೇಡಿ ಮಾವ. ಇಲಿ ಸೇರ್ಕೊಳ್ಳುತ್ತೆ."

"ಸೇರ್ಕೊಳ್ಲಿ ಬಿಡು. ಇಲಿ ಬಂತು ಅಂದ್ರೆ ಅಂಗಡೀಲಿ ಮಾಲಿದೆ ಅಂತ."

ಅವಳಿಗೆ ನಗು ಬಂತು. ಚೀಲ ಇಸಿದುಕೊಂಡು ಹೋಗಿ ಬೇಕರಿಯ ಬಾಗಿಲಲ್ಲಿ ಹಾಕಿ ಬಂದಳು.

ಗಂಡ ಎಚ್ಚರವಾಗಿದ್ದ. "ಏನದು ಸದ್ದು?"

"ಇಲಿ."

"ಬಾಗಿಲು ಹಾಕಿದೆಯಾ, ಇಲ್ಲ ಅದನ್ನೂ ಮರೆತೆಯಾ?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಇವನಿಗೂ ಇಲ್ಲ, ಇನ್ಯಾರಿಗೂ ಹೇಳುವುದಿಲ್ಲ ಎಂದುಕೊಂಡು, "ಹಾಕಿದೆ," ಎಂದಷ್ಟೇ ಹೇಳಿ ದೀಪ ಆರಿಸಿದಳು.